ವಿದೇಶಕ್ಕೆ ಹೋಗುವ ಮುನ್ನ ಕಸುಬು ಆರಿಸಲು ನಾಲ್ಕು ಉಚಿತ ತಾಣಗಳು: ಯಾವುದನ್ನು ಮೊದಲು ತೆರೆಯಬೇಕು?

ಬೇರೆ ದೇಶಕ್ಕೆ ಹೋಗಿ ದುಡಿಯಬೇಕೆಂದು ನಿರ್ಧರಿಸಿದವರು ಮೊದಲು ಕೇಳುವ ಪ್ರಶ್ನೆ ‘ಅಲ್ಲಿ ಯಾವ ಕೆಲಸಕ್ಕೆ ಬೇಡಿಕೆ ಇದೆ?’ ಎಂಬುದು. ನಿಜಕ್ಕೂ ಮೊದಲು ಕೇಳಬೇಕಾದ್ದು ಬೇರೆ: ‘ಅಲ್ಲಿ ಈ ಕೆಲಸ ಮಾಡಲು ಯಾರ ಅಪ್ಪಣೆ ಬೇಕು? ಆ ಅಪ್ಪಣೆ ನನಗೆ ಸಿಗುತ್ತದೆಯೇ?’ ಈ ಎರಡಕ್ಕೂ ಉತ್ತರ ಹುಡುಕಲು ನಾಲ್ಕು ಸರ್ಕಾರಿ ತಾಣಗಳಿವೆ. ಜರ್ಮನಿಯ ರೆಕಗ್ನಿಷನ್ ಫೈಂಡರ್, ಕೆನಡಾದ ಜಾಬ್ ಬ್ಯಾಂಕ್, ಆಸ್ಟ್ರೇಲಿಯಾದ ನುರಿತ ಕಸುಬುಗಳ ಪಟ್ಟಿ, ಅಮೆರಿಕದ ಮೈ ನೆಕ್ಸ್ಟ್ ಮೂವ್. ನಾಲ್ಕೂ ಉಚಿತ. ಹುಡುಕಾಟಕ್ಕೆ ಖಾತೆ ತೆರೆಯಬೇಕಿಲ್ಲ. ಕಟ್ಟಡಗಳಿಗೆ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಎಂಬ ಒಂದೇ ಕಸುಬನ್ನು ನಾಲ್ಕರಲ್ಲೂ ಹಾಕಿ ನೋಡಿದರೆ ಯಾವುದರ ಬಲ ಎಲ್ಲಿದೆ, ಯಾವುದು ಎಲ್ಲಿ ಕೈಕೊಡುತ್ತದೆ ಎನ್ನುವುದು ಸ್ಪಷ್ಟವಾಗುತ್ತದೆ. ಅಲ್ಲಲ್ಲಿ ನರ್ಸ್ ಮತ್ತು ಸಾಫ್ಟ್‌ವೇರ್ ಕೆಲಸಗಳನ್ನೂ ಹೋಲಿಕೆಗೆ ತೆಗೆದುಕೊಂಡಿದೆ.

ಬೇಡಿಕೆಯ ಪಟ್ಟಿಯಿಂದ ಶುರು ಮಾಡಬಾರದು ಎನ್ನಲು ಗಟ್ಟಿ ಕಾರಣವಿದೆ. ಪಟ್ಟಿಯ ಆಯುಸ್ಸು ಕಸುಬು ಕಲಿಯಲು ಬೇಕಾದ ಕಾಲಕ್ಕಿಂತ ಕಡಿಮೆ. ಬ್ರಿಟನ್ 2022ರ ಫೆಬ್ರುವರಿಯಲ್ಲಿ ಆರೈಕೆ ಕೆಲಸಗಾರರನ್ನು ಕೊರತೆಯ ಪಟ್ಟಿಗೆ ಸೇರಿಸಿತು. 2025ರ ಜುಲೈ 22ರಂದು ಅದೇ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವ ಬಾಗಿಲು ಮುಚ್ಚಿತು. ಕೆನಡಾ 2023ರಲ್ಲಿ ಸಾರಿಗೆ ಕೆಲಸಗಳಿಗೆಂದು ವಿಶೇಷ ವರ್ಗ ತೆರೆದು, 2025ರಲ್ಲಿ ಅದನ್ನು ಕೈಬಿಟ್ಟಿತು. ಅತ್ತ ಕೆನಡಾದಲ್ಲಿ ಎಲೆಕ್ಟ್ರಿಷಿಯನ್ ಆಗಲು ಬೇಕಾದ ಅಪ್ರೆಂಟಿಸ್‌ಶಿಪ್ 4ರಿಂದ 5 ವರ್ಷದ್ದು. ಈ ವರ್ಷದ ಪಟ್ಟಿ ನೋಡಿ ಕಸುಬು ಬದಲಿಸಿದವರು ಕಲಿತು ಮುಗಿಸುವ ಹೊತ್ತಿಗೆ ಪಟ್ಟಿಯೇ ಬದಲಾಗಿರುತ್ತದೆ. ಪರವಾನಗಿಯ ನಿಯಮಗಳು ಹಾಗಲ್ಲ. ಅವು ನಿಧಾನವಾಗಿ ಬದಲಾಗುತ್ತವೆ.

ಹಾಗಾಗಿ ಮೊದಲು ತೆರೆಯಬೇಕಾದ್ದು ಜರ್ಮನಿಯ ರೆಕಗ್ನಿಷನ್ ಫೈಂಡರ್. ಜರ್ಮನಿಗೆ ಹೋಗುವ ಯೋಚನೆ ಇಲ್ಲದವರೂ ಒಮ್ಮೆ ನೋಡಬೇಕು, ಏಕೆಂದರೆ ಕಸುಬಿನ ಮಾನ್ಯತೆ ಎಂದರೇನು ಎಂಬುದನ್ನು ಇಷ್ಟು ಬಿಡಿಸಿ ತೋರಿಸುವ ತಾಣ ಈ ನಾಲ್ಕರಲ್ಲಿ ಇದೊಂದೇ. ಹೊರದೇಶದ ವೃತ್ತಿ ಶಿಕ್ಷಣವನ್ನು ಜರ್ಮನ್ ಶಿಕ್ಷಣದ ಜೊತೆ ಹೋಲಿಸಿ ನೋಡಿಸಿಕೊಳ್ಳುವ ಹಕ್ಕು ಕೊಟ್ಟ ಕಾಯ್ದೆ 2012ರ ಏಪ್ರಿಲ್ 1ರಂದು ಜಾರಿಗೆ ಬಂತು. ತಾಣ ನಿಂತಿರುವುದು ಅದರ ಮೇಲೆ. ಬಳಸುವುದು ಸುಲಭ. ಕಸುಬಿನ ಹೆಸರು ಹಾಕಬೇಕು, ತೋರಿಸಿದ ಹೆಸರುಗಳಲ್ಲಿ ಒಂದನ್ನು ಆರಿಸಬೇಕು, ಕೆಲಸ ಮಾಡಬೇಕೆಂದಿರುವ ಊರನ್ನು ಹಾಕಬೇಕು. ಆ ಕಸುಬು ಸರ್ಕಾರದ ನಿಯಂತ್ರಣದಲ್ಲಿದೆಯೇ, ಮಾನ್ಯತೆ ಇಲ್ಲದೆ ಕೆಲಸಕ್ಕೆ ಸೇರಬಹುದೇ, ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕು ಎಂಬ ಮೂರಕ್ಕೂ ಉತ್ತರ ಬರುತ್ತದೆ.

ತಪ್ಪಾಗುವುದು ಎರಡನೇ ಹೆಜ್ಜೆಯಲ್ಲಿ. ಎಲೆಕ್ಟ್ರಿಷಿಯನ್ ಕೆಲಸಕ್ಕೆ ಜರ್ಮನ್ ಹೆಸರು ‘ಎಲೆಕ್ಟ್ರೋನಿಕರ್’. ಎಲೆಕ್ಟ್ರಾನಿಕ್ಸ್ ಎಂದುಕೊಂಡು ಅದನ್ನು ದಾಟಿ ಮುಂದೆ ಹೋಗುವವರಿದ್ದಾರೆ. ಅದರಲ್ಲೂ ಕವಲುಗಳಿವೆ. ಮನೆ, ಕಟ್ಟಡಗಳ ವೈರಿಂಗ್ ಮಾಡುವವರದು ‘ಎನರ್ಗೀ ಉಂಡ್ ಗೆಬಾಯ್ಡೆಟೆಕ್ನಿಕ್’ ಶಾಖೆ. ಅರ್ಜಿ ಹೋಗುವುದು ಆ ಪ್ರದೇಶದ ಕುಶಲಕರ್ಮಿಗಳ ಮಂಡಳಿಗೆ. ಕಾರ್ಖಾನೆಯ ಯಂತ್ರ, ಪ್ಯಾನೆಲ್ ನೋಡಿಕೊಳ್ಳುವವರದು ‘ಬೆಟ್ರೀಬ್ಸ್‌ಟೆಕ್ನಿಕ್’. ಅದರ ಅರ್ಜಿಗಳನ್ನು ಬಹುಪಾಲು ನ್ಯೂರೆಂಬರ್ಗ್‌ನಲ್ಲಿರುವ ಐಎಚ್‌ಕೆ ಫೋಸಾ ಎಂಬ ಕಚೇರಿ ನೋಡುತ್ತದೆ. ಎರಡೂ ಮೂರೂವರೆ ವರ್ಷದ ತರಬೇತಿಗಳೇ, ಆದರೆ ಪಠ್ಯ ಬೇರೆ. ಅನುಭವವೆಲ್ಲ ಕಾರ್ಖಾನೆಯದಾಗಿದ್ದು ಅರ್ಜಿ ಕಟ್ಟಡದ ಶಾಖೆಗೆ ಹಾಕಿದರೆ, ಕೈಯಲ್ಲಿ ವಿದ್ಯೆ ಇದ್ದೂ ‘ಭಾಗಶಃ ಮಾನ್ಯತೆ’ ಎಂಬ ಉತ್ತರ ಬರುತ್ತದೆ. ಅರ್ಜಿ ಹಾಕುವ ಮೊದಲು ಎರಡೂ ಶಾಖೆಗಳ ತರಬೇತಿ ಪಠ್ಯವನ್ನು ಮುಂದಿಟ್ಟುಕೊಂಡು, ತಾನು ಮಾಡಿದ ಕೆಲಸಗಳನ್ನು ಒಂದೊಂದಾಗಿ ಗುರುತು ಹಾಕಿ ನೋಡುವುದು ಒಂದು ಸಂಜೆಯ ಕೆಲಸ, ಅಷ್ಟೆ. ಅದು ಉಳಿಸುವುದು ತಿಂಗಳುಗಳನ್ನು.

ಭಾಗಶಃ ಮಾನ್ಯತೆಯನ್ನು ಸೋಲೆಂದು ಭಾವಿಸಬೇಕಿಲ್ಲ. ಆ ಪತ್ರದಲ್ಲಿ ಏನು ಕೊರತೆ ಎಂಬುದನ್ನು ಬರೆದಿರುತ್ತಾರೆ. ಅದನ್ನೇ ಆಧಾರವಾಗಿಟ್ಟುಕೊಂಡು, ಅಲ್ಲಿಗೆ ಹೋಗಿ ಕೊರತೆ ತುಂಬಿಕೊಳ್ಳಲು ವೀಸಾ ಕೇಳಬಹುದು. ದಾಖಲೆಗಳು ಕಳೆದುಹೋಗಿದ್ದರೆ, ಕೆಲಸ ಮಾಡಿ ತೋರಿಸುವ ಕೌಶಲ ಪರೀಕ್ಷೆಯ ದಾರಿಯೂ ಇದೆ. ದಾಖಲೆಗಳೆಲ್ಲ ಪೂರ್ತಿಯಾಗಿ ತಲುಪಿದ ದಿನದಿಂದ ಲೆಕ್ಕ ಹಾಕಿದರೆ ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ತಿಂಗಳು. ‘ಪೂರ್ತಿಯಾಗಿ’ ಎಂಬ ಮಾತನ್ನು ಅಡಿಗೆರೆ ಎಳೆದು ಓದಬೇಕು. ಪ್ರಮಾಣಿತ ಅನುವಾದಕರ ಸಹಿ ಇಲ್ಲದ ಒಂದು ಹಾಳೆ ಇದ್ದರೂ ಎಣಿಕೆ ಶುರುವಾಗುವುದಿಲ್ಲ. ಕೆಲಸ ಕೊಡುವವರೇ ಮುಂದೆ ನಿಂತು ಅರ್ಜಿ ಹಾಕಿದರೆ ತ್ವರಿತ ವಿಧಾನವಿದೆ: 411 ಯೂರೊ ಶುಲ್ಕ, ಮಾನ್ಯತೆಯ ತೀರ್ಮಾನಕ್ಕೆ ಎರಡು ತಿಂಗಳ ಗಡುವು.

ನುರಿತ ಕೈ ಇದ್ದರೂ ಪರವಾನಗಿ ಯಾಕೆ ಗಡಿ ದಾಟುವುದಿಲ್ಲ ಎನ್ನುವುದಕ್ಕೆ ಒಂದು ಜಂಕ್ಷನ್ ಬಾಕ್ಸ್ ಬಿಚ್ಚಿ ನೋಡಿದರೆ ಸಾಕು. ಜರ್ಮನಿಯಲ್ಲಿ ಫೇಸ್ ತಂತಿ ಕಂದು, ಕಪ್ಪು ಅಥವಾ ಬೂದು, ನ್ಯೂಟ್ರಲ್ ನೀಲಿ, ಅರ್ತ್ ಹಸಿರು-ಹಳದಿ. ತಂತಿಯ ದಪ್ಪವನ್ನು ಚದರ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಕೆನಡಾದ ಮನೆಯಲ್ಲಿ ನ್ಯೂಟ್ರಲ್ ಬಿಳಿ, ಫೇಸ್ ಕಪ್ಪು ಅಥವಾ ಕೆಂಪು, ಅರ್ತ್ ಹಸಿರು ಅಥವಾ ಬರಿ ತಾಮ್ರ. ದಪ್ಪ ಹೇಳುವುದು ಗೇಜ್ ಸಂಖ್ಯೆಯಲ್ಲಿ, ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳ್ಳಗೆ. ಒಂದು ಕಡೆ 230 ವೋಲ್ಟ್, 50 ಹರ್ಟ್ಸ್. ಇನ್ನೊಂದು ಕಡೆ 120 ಮತ್ತು 240 ವೋಲ್ಟ್, 60 ಹರ್ಟ್ಸ್. ಒಂದು ದೇಶದಲ್ಲಿ ಕಪ್ಪು ತಂತಿ ನ್ಯೂಟ್ರಲ್ ಎಂದು ಕೈ ಪಳಗಿದವರು ಇನ್ನೊಂದು ದೇಶದಲ್ಲಿ ಅದೇ ಬಣ್ಣವನ್ನು ಹಾಗೇ ನಂಬಿ ಮುಟ್ಟಿದರೆ ಜೀವಕ್ಕೇ ಅಪಾಯ. ಅಲ್ಲಿನ ಪರೀಕ್ಷೆ ಕೇಳುವುದು ಆ ದೇಶದ ನಿಯಮ ಪುಸ್ತಕವನ್ನು, ಕೈಚಳಕವನ್ನಲ್ಲ. ಇಪ್ಪತ್ತು ವರ್ಷ ಅನುಭವ ಇದ್ದವರೂ ಎಡವುವುದು ಇಲ್ಲಿ.

ನರ್ಸ್‌ಗಳ ವಿಷಯದಲ್ಲಿ ಫೈಂಡರ್ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಜರ್ಮನಿಯಲ್ಲಿ ನರ್ಸಿಂಗ್ ನಿಯಂತ್ರಿತ ವೃತ್ತಿ. ಮಾನ್ಯತೆ ಇಲ್ಲದೆ ನರ್ಸ್ ಎಂದು ಕೆಲಸ ಮಾಡುವಂತಿಲ್ಲ, ಸಹಾಯಕರಾಗಿ ಮಾತ್ರ ಸೇರಬಹುದು. ಅಲ್ಲಿ ಅದು ಮುಖ್ಯವಾಗಿ ಮೂರು ವರ್ಷದ ವೃತ್ತಿ ತರಬೇತಿ. ಆದ್ದರಿಂದ ನಾಲ್ಕು ವರ್ಷದ ಪದವಿ ಇದ್ದರೂ ಪದವಿಯ ಹೆಸರನ್ನಲ್ಲ, ವಿಷಯವಾರು ಗಂಟೆಗಳನ್ನು, ಅದರಲ್ಲೂ ವಾರ್ಡಿನಲ್ಲಿ ಕಳೆದ ಗಂಟೆಗಳನ್ನು ಲೆಕ್ಕ ಹಾಕುತ್ತಾರೆ. ಕಾಲೇಜಿನಿಂದ ಅಂಕಪಟ್ಟಿ ತಂದರೆ ಸಾಲದು. ಗಂಟೆಗಳ ಪಟ್ಟಿ ಬೇಕು. ವ್ಯತ್ಯಾಸ ಕಂಡರೆ ಜ್ಞಾನ ಪರೀಕ್ಷೆ ಅಥವಾ ಹೊಂದಾಣಿಕೆ ತರಬೇತಿ, ಎರಡರಲ್ಲಿ ಒಂದು. ಜೊತೆಗೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಯುರೋಪಿನ ಆರು ಭಾಷಾ ಹಂತಗಳಲ್ಲಿ ನಾಲ್ಕನೆಯ ಹಂತದ, ಜರ್ಮನ್.

ಫೈಂಡರ್‌ನ ಮಿತಿಗಳೂ ಇವೆ. ಸಂಬಳ, ಬೇಡಿಕೆ, ಊರಿನ ಖರ್ಚು ಯಾವುದನ್ನೂ ಅದು ಹೇಳುವುದಿಲ್ಲ. ಪದವಿ ಆಧಾರದ ಮೇಲೆ ಹೋಗುವವರಿಗೆ ಹೊರದೇಶದ ಪದವಿಗಳ ಮಾಹಿತಿ ಇರುವ ಅನಾಬಿನ್ ಎಂಬ ಇನ್ನೊಂದು ಕೋಶ ಬೇಕು. ಅದರಲ್ಲಿ ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’ ಇದ್ದರೆ ಸಂಸ್ಥೆ ಮಾನ್ಯ, ‘ಎಚ್ ಮೈನಸ್’ ಇದ್ದರೆ ಅಲ್ಲ, ಎರಡೂ ಗುರುತು ಇದ್ದರೆ ಕೋರ್ಸ್ ಕೋರ್ಸಿಗೂ ಬೇರೆ ಉತ್ತರ. ಸಂಸ್ಥೆಯನ್ನು ನೋಡಿ ನಿಲ್ಲಿಸದೆ ಪದವಿಯನ್ನೂ ಹುಡುಕಬೇಕು. ಅರ್ಧಕ್ಕೆ ನಿಲ್ಲಿಸುವುದೇ ಇಲ್ಲಿ ಆಗುವ ತಪ್ಪು. ನಿಯಂತ್ರಣವಿಲ್ಲದ ಕಸುಬುಗಳಿಗೆ 2024ರ ಮಾರ್ಚ್‌ನಿಂದ ಇನ್ನೊಂದು ದಾರಿ ತೆರೆದಿದೆ: ಓದಿದ ದೇಶದಲ್ಲಿ ಮಾನ್ಯವಾದ ಪದವಿ ಅಥವಾ ಕನಿಷ್ಠ ಎರಡು ವರ್ಷದ ತರಬೇತಿ, ಕಳೆದ 5 ವರ್ಷಗಳಲ್ಲಿ ಕನಿಷ್ಠ 2 ವರ್ಷದ ಅನುಭವ, ನಿಗದಿತ ಮಟ್ಟಕ್ಕೆ ಮುಟ್ಟುವ ಸಂಬಳ ಇದ್ದರೆ ಜರ್ಮನ್ ಮಾನ್ಯತೆ ಇಲ್ಲದೆಯೂ ಕೆಲಸದ ವೀಸಾ ಸಾಧ್ಯ. ಇಂಥ ವೀಸಾ ದಾರಿಗಳಿಗೆ ಜರ್ಮನ್ ಸರ್ಕಾರದ ಮೇಕ್ ಇಟ್ ಇನ್ ಜರ್ಮನಿ ತಾಣವನ್ನೇ ನೋಡಬೇಕು.

ಎರಡನೆಯದಾಗಿ ತೆರೆಯಬೇಕಾದ್ದು ಕೆನಡಾದ ಜಾಬ್ ಬ್ಯಾಂಕ್. ವಿಷಯದ ಸಮೃದ್ಧಿಯಲ್ಲಿ ನಾಲ್ಕರಲ್ಲಿ ಇದೇ ಮೇಲು. ಎಲ್ಲವೂ ನಿಂತಿರುವುದು ಎನ್‌ಒಸಿ 2021 ಎಂಬ ವರ್ಗೀಕರಣದ ಮೇಲೆ. 516 ಕಸುಬು ಗುಂಪುಗಳು, ಪ್ರತಿಯೊಂದಕ್ಕೂ ಐದಂಕಿಯ ಸಂಖ್ಯೆ. ಕಟ್ಟಡದ ಎಲೆಕ್ಟ್ರಿಷಿಯನ್ 72200, ಕಾರ್ಖಾನೆಯ ಎಲೆಕ್ಟ್ರಿಷಿಯನ್ 72201. ಮೊದಲ ಅಂಕಿ ಕ್ಷೇತ್ರ. 7 ಎಂದರೆ ಕುಶಲ ಕೆಲಸ, ಸಾರಿಗೆ, ಯಂತ್ರೋಪಕರಣ. ಎರಡನೇ ಅಂಕಿ ‘ಟಿಯರ್’, ಅಂದರೆ ಆ ಕೆಲಸಕ್ಕೆ ಬೇಕಾದ ಶಿಕ್ಷಣ ಮತ್ತು ತರಬೇತಿಯ ಮಟ್ಟ, 0ರಿಂದ 5ರವರೆಗೆ. ಕೆನಡಾದಲ್ಲಿ ಕಾಯಂ ವಾಸಕ್ಕೆ ಆಯ್ಕೆ ಮಾಡುವ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯ ನುರಿತ ಕೆಲಸಗಾರರ ದಾರಿಗೆ ಟಿಯರ್ 0, 1, 2, 3 ಮಾತ್ರ ನಡೆಯುತ್ತವೆ. ಎರಡನೇ ಅಂಕಿ 4 ಅಥವಾ 5 ಎಂದು ಕಂಡರೆ ಈ ದಾರಿಯಲ್ಲಿ ಮುಂದೆ ಓದಿ ಪ್ರಯೋಜನವಿಲ್ಲ. ಬೇರೆ ದಾರಿ ನೋಡಬೇಕು.

ತಾಣದಲ್ಲಿ ಕಸುಬು ಮತ್ತು ಊರು ಹಾಕಿದರೆ ಮುಂದಿನ ಮೂರು ವರ್ಷಗಳ ಅವಕಾಶವನ್ನು ‘ಬಹಳ ಚೆನ್ನಾಗಿದೆ’ಯಿಂದ ‘ಬಹಳ ಸೀಮಿತ’ದವರೆಗೆ ಐದು ಹಂತಗಳಲ್ಲಿ ತೋರಿಸುತ್ತದೆ. ಇಡೀ ದೇಶದ್ದಲ್ಲ, ಪ್ರಾಂತ್ಯ ಮತ್ತು ಅದರೊಳಗಿನ ಪ್ರದೇಶದ ಮಟ್ಟದಲ್ಲಿ ನೋಡಬೇಕು. ಒಂದೇ ಕಸುಬಿಗೆ ಒಂದು ಪ್ರಾಂತ್ಯದಲ್ಲಿ ಹಸಿರು ನಿಶಾನೆ, ಪಕ್ಕದ ಪ್ರಾಂತ್ಯದಲ್ಲಿ ಮಂಕು ಎನ್ನುವುದು ಸಾಮಾನ್ಯ. ಸಂಬಳ ಮೂರು ಅಂಕಿಗಳಲ್ಲಿ ಬರುತ್ತದೆ: ಕಡಿಮೆ, ನಡುವಿನದು, ಹೆಚ್ಚು. ಹೊಸದಾಗಿ ಹೋಗುವವರು ಮೊದಲ ವರ್ಷದ ಲೆಕ್ಕವನ್ನು ಕಡಿಮೆಯ ಅಂಕಿಯಿಂದಲೇ ಹಾಕಬೇಕು. ನಡುವಿನ ಅಂಕಿಯಲ್ಲಿ ಅಲ್ಲೇ ವರ್ಷಗಟ್ಟಲೆ ದುಡಿದವರೂ ಸೇರಿರುತ್ತಾರೆ, ಪರವಾನಗಿ ಸಿಗುವವರೆಗೆ ಸಹಾಯಕರಾಗಿ ದುಡಿಯುವವರಿಗೆ ಅದು ಅನ್ವಯಿಸುವುದಿಲ್ಲ.

ಜಾಬ್ ಬ್ಯಾಂಕ್‌ನ ಅತಿ ದೊಡ್ಡ ಉಪಕಾರ ‘ಅಗತ್ಯಗಳು’ ಎಂಬ ವಿಭಾಗ. ಬಹುಪಾಲು ಪ್ರಾಂತ್ಯಗಳಲ್ಲಿ ಎಲೆಕ್ಟ್ರಿಷಿಯನ್‌ಗೆ ಪ್ರಮಾಣಪತ್ರ ಕಡ್ಡಾಯ ಎಂಬುದು ಅಲ್ಲಿ ಕಾಣುತ್ತದೆ. ಆಂಟೇರಿಯೊದಲ್ಲಿ ಈ ಕಸುಬಿನ ಸಂಕೇತ 309ಎ, ಅಪ್ರೆಂಟಿಸ್‌ಶಿಪ್‌ನ ಅಳತೆ 9,000 ಗಂಟೆ. ಹೊರಗಿನ ಅನುಭವವುಳ್ಳವರು ಮೊದಲು ಆ ಗಂಟೆಗಳಿಗೆ ಸಮನಾದ ಅನುಭವ ತೋರಿಸಿ, ಆಮೇಲೆ ಪರೀಕ್ಷೆ ಬರೆಯಬೇಕು. ದೇಶದ ಎಲ್ಲ ಕಡೆ ಒಪ್ಪುವ ರೆಡ್ ಸೀಲ್ ಮುದ್ರೆಗೆ 70% ಅಂಕ ಬೇಕು. ಕುಶಲ ಕೆಲಸಗಾರರ ವಿಶೇಷ ದಾರಿಯಲ್ಲಿ ಹೋಗುವುದಾದರೆ, ಕಳೆದ 5 ವರ್ಷಗಳಲ್ಲಿ 2 ವರ್ಷದ ಅನುಭವದ ಜೊತೆಗೆ, ಕನಿಷ್ಠ ಒಂದು ವರ್ಷದ ಕೆಲಸದ ಕರೆ ಅಥವಾ ಅಲ್ಲಿನ ಅರ್ಹತಾ ಪ್ರಮಾಣಪತ್ರ, ಎರಡರಲ್ಲಿ ಒಂದು ಕೈಯಲ್ಲಿರಬೇಕು. ಆ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಅಲ್ಲಿಗೇ ಹೋಗಿ ಪರೀಕ್ಷೆ ಬರೆಯಬೇಕಾಗುತ್ತದೆ. ಬೇಡಿಕೆ ಇದ್ದೂ ಎಲೆಕ್ಟ್ರಿಷಿಯನ್‌ಗಳು ಬಾಗಿಲಲ್ಲೇ ನಿಲ್ಲುವುದಕ್ಕೆ ಇದು ಕಾರಣ. ಬೇಡಿಕೆಯ ಪುಟದಲ್ಲಿ ಇದು ಎಲ್ಲೂ ಕಾಣದು.

ಈ ವರ್ಗೀಕರಣದಲ್ಲಿ ಹುದ್ದೆಯ ಹೆಸರಿಗೆ ಬೆಲೆ ಇಲ್ಲ, ಮಾಡಿದ ಕೆಲಸಕ್ಕೆ ಬೆಲೆ. ಸಾಫ್ಟ್‌ವೇರ್ ಎಂಜಿನಿಯರ್ 21231, ಡೆವಲಪರ್ ಮತ್ತು ಪ್ರೋಗ್ರಾಮರ್ 21232, ಟೆಸ್ಟಿಂಗ್ ಮಾಡುವ ತಂತ್ರಜ್ಞ 22222. ಕಂಪನಿ ಕೊಟ್ಟ ಹುದ್ದೆ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂದಿದ್ದು, ದಿನವಿಡೀ ಮಾಡಿದ್ದು ಟೆಸ್ಟಿಂಗ್ ಆಗಿದ್ದರೆ, 21231 ಹಾಕಿದ ಅರ್ಜಿ ತಿರಸ್ಕಾರವಾಗುವ ಸಂಭವ ಹೆಚ್ಚು. ಪುಟದ ಮೇಲಿನ ಪರಿಚಯ ವಾಕ್ಯ ಮತ್ತು ಮುಖ್ಯ ಕರ್ತವ್ಯಗಳನ್ನು ಓದಿ, ಪರಿಚಯ ವಾಕ್ಯಕ್ಕೆ ಪೂರ್ತಿ, ಕರ್ತವ್ಯಗಳಲ್ಲಿ ಬಹುಪಾಲಿಗೆ ಹೌದು ಎನ್ನಲು ಆದರೆ ಮಾತ್ರ ಆ ಸಂಖ್ಯೆ ನಿಮ್ಮದು.

ಜಾಬ್ ಬ್ಯಾಂಕ್‌ನಲ್ಲಿ ವಿದೇಶಿ ಅಭ್ಯರ್ಥಿಗಳಿಗೆಂದೇ ಒಂದು ವಿಭಾಗವಿದೆ. ಹೊರದೇಶದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಬೇಕಾದ ಎಲ್‌ಎಂಐಎ ಎಂಬ ಅನುಮತಿ ಪಡೆದ ಅಥವಾ ಕೇಳಿರುವ ಮಾಲೀಕರ ಜಾಹೀರಾತುಗಳು ಅಲ್ಲಿರುತ್ತವೆ. ಆ ಅನುಮತಿಯ ಶುಲ್ಕ 1,000 ಕೆನಡಿಯನ್ ಡಾಲರ್. ಅದನ್ನು ಮಾಲೀಕರೇ ಕಟ್ಟಬೇಕು, ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ಎಲ್‌ಎಂಐಎ ಕೊಡಿಸುತ್ತೇವೆ, ಇಷ್ಟು ಹಣ ಕೊಡಿ ಎಂದವರ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು.

ಆಸ್ಟ್ರೇಲಿಯಾದ ನುರಿತ ಕಸುಬುಗಳ ಪಟ್ಟಿ ನೋಡಲು ಬರಿ ಕೋಷ್ಟಕ. ಹೆಚ್ಚಿನವರು ತಮ್ಮ ಕಸುಬಿನ ಹೆಸರು ಕಂಡ ಕೂಡಲೇ ಸಂತೋಷಪಟ್ಟು ಪುಟ ಮುಚ್ಚುತ್ತಾರೆ. ನೋಡಬೇಕಾದ್ದು ಅದರ ಪಕ್ಕದ ಎರಡು ಕಾಲಂ: ಯಾವ ವೀಸಾಕ್ಕೆ ಅನ್ವಯ, ಯಾವ ಸಂಸ್ಥೆ ಕೌಶಲ ಅಳೆಯುತ್ತದೆ. 2024ರ ಡಿಸೆಂಬರ್ 7ರಂದು ಬಂದ ಹೊಸ ಪಟ್ಟಿಯಲ್ಲಿ 456 ಕಸುಬುಗಳಿದ್ದವು, ಆದರೆ ಅದು ಮುಖ್ಯವಾಗಿ ಮಾಲೀಕರು ಕರೆಸಿಕೊಳ್ಳುವ ವೀಸಾಗಳ ಪಟ್ಟಿ. ಅಂಕಗಳ ಆಧಾರದ 189ನೇ ವೀಸಾದ ಪಟ್ಟಿ ಬೇರೆ. ಒಂದರಲ್ಲಿ ಹೆಸರಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು.

ಎಲೆಕ್ಟ್ರಿಷಿಯನ್ ಸಂಖ್ಯೆ 341111, ಅಳೆಯುವವರು ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ. ಅಲ್ಲಿ ಗೆದ್ದರೂ ಅದು ವೀಸಾಕ್ಕೆ ಬೇಕಾದ ಅಳತೆ ಮಾತ್ರ. ತಂತಿ ಮುಟ್ಟಲು ಆಯಾ ರಾಜ್ಯದ ಪರವಾನಗಿ ಪ್ರತ್ಯೇಕ. ನರ್ಸ್‌ಗಳಿಗೂ ಹೀಗೇ, ಅಳೆಯುವ ಸಂಸ್ಥೆ ಒಂದು, ನೋಂದಣಿ ಮಾಡುವುದು ಇನ್ನೊಂದು. ಐಟಿಯವರನ್ನು ಅಳೆಯುವ ಎಸಿಎಸ್ ಅನುಭವದಲ್ಲಿ ಕತ್ತರಿ ಹಾಕುತ್ತದೆ: ಐಟಿ ಪದವಿ ಕಸುಬಿಗೆ ಹತ್ತಿರದ್ದಾದರೆ ಸಾಮಾನ್ಯವಾಗಿ 2 ವರ್ಷ, ದೂರದ್ದಾದರೆ 4 ವರ್ಷ ಕಳೆದು ಉಳಿದದ್ದನ್ನಷ್ಟೇ ನುರಿತ ಅನುಭವ ಎಂದು ಎಣಿಸುತ್ತದೆ. ಐದು ವರ್ಷ ಅನುಭವ ಇದೆಯೆಂದು ಅಂಕ ಲೆಕ್ಕ ಹಾಕಿದವರಿಗೆ ಕೊನೆಗೆ ಒಂದು ವರ್ಷ ಉಳಿಯುವುದು ಹೀಗೆ. ಎಂಜಿನಿಯರ್‌ಗಳು ತಮ್ಮ ಪದವಿಗೆ ಅಂತರರಾಷ್ಟ್ರೀಯ ಒಪ್ಪಂದದ ಮಾನ್ಯತೆ ಇಲ್ಲದಿದ್ದರೆ ತಾವೇ ಮಾಡಿದ ಮೂರು ಕೆಲಸಗಳ ಬಗ್ಗೆ, ತಲಾ 1,000ದಿಂದ 2,500 ಪದಗಳಲ್ಲಿ, ‘ನಾನು ಇದನ್ನು ಮಾಡಿದೆ’ ಎಂಬ ರೀತಿಯಲ್ಲಿ ಬರೆದುಕೊಡಬೇಕು. ಹಣ ಕೊಟ್ಟು ಬರೆಸಿದ್ದು, ನಕಲು ಮಾಡಿದ್ದು ಸಿಕ್ಕಿಬಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ. ಈ ನಿಯಮಗಳು ಪಟ್ಟಿಯ ಪುಟದಲ್ಲಿಲ್ಲ. ಅಳೆಯುವ ಸಂಸ್ಥೆಯ ಹೆಸರಿನ ಮೇಲೆ ಒತ್ತಿ ಒಳಗೆ ಹೋಗಬೇಕು. ಪಟ್ಟಿಯ ದೋಷವೂ ಇದೇ: ಅತಿ ಮುಖ್ಯವಾದದ್ದನ್ನು ಒಂದು ಕೊಂಡಿಯ ಹಿಂದೆ ಬಚ್ಚಿಟ್ಟಿದೆ.

ಅಮೆರಿಕದ ಮೈ ನೆಕ್ಸ್ಟ್ ಮೂವ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಓ-ನೆಟ್ ಎಂಬ ಅಲ್ಲಿನ ಕಸುಬುಗಳ ಮಾಹಿತಿ ಕೋಶದ ಮೇಲೆ ಕಟ್ಟಿದ ಇದರ ಆಸಕ್ತಿ ಪರೀಕ್ಷೆಯಲ್ಲಿ 60 ಪ್ರಶ್ನೆಗಳು. ಕೈಕೆಲಸ, ಶೋಧನೆ, ಕಲೆ, ಜನಸೇವೆ, ವ್ಯವಹಾರ, ಕ್ರಮಬದ್ಧ ಕಚೇರಿ ಕೆಲಸ ಎಂಬ ಆರು ಒಲವುಗಳಿಗೆ ತಲಾ ಹತ್ತು ಪ್ರಶ್ನೆ, ತಲಾ 40 ಅಂಕ. ಉತ್ತರಿಸುವಾಗ ‘ಇದು ನನಗೆ ಬರುತ್ತದೆಯೇ, ಇದರಲ್ಲಿ ದುಡ್ಡಿದೆಯೇ’ ಎಂದು ಯೋಚಿಸಿದರೆ ಫಲಿತಾಂಶ ಕೆಡುತ್ತದೆ. ಮಾಡಲು ಇಷ್ಟವೇ ಎಂದಷ್ಟೇ ನೋಡಬೇಕು. ಎರಡು ಪರವಾನಗಿ ದಾರಿಗಳ ನಡುವೆ ಮನಸ್ಸು ತೂಗಾಡುತ್ತಿದ್ದರೆ ಇದು ನೆರವಾಗುತ್ತದೆ. ಮೊದಲೇ ಇದನ್ನು ಮಾಡಿ ಕಸುಬು ನಿರ್ಧರಿಸುವುದು ಮಾತ್ರ ಸರಿಯಲ್ಲ: ಅಲ್ಲಿನ ಪಟ್ಟಿಗೆ ನಿಮ್ಮ ವೀಸಾ, ಭಾಷೆ, ದಾಖಲೆ ಏನೂ ಗೊತ್ತಿಲ್ಲ, ಸಂಬಳವೂ ಅಮೆರಿಕದ್ದೇ. ಇಂಥದೇ ಆರು ಒಲವುಗಳ ವರದಿಗೆ ಯಾರಾದರೂ ಹಣ ಕೇಳಿದರೆ, ಅದು ಇಲ್ಲಿ ಉಚಿತವಾಗಿ ಸಿಗುತ್ತದೆ ಎಂಬುದು ನೆನಪಿರಲಿ.

ಹಣ ಕೊಟ್ಟು ಸಲಹೆ ಪಡೆಯುವುದೇ ತಪ್ಪು ಎಂದಲ್ಲ. ಆದರೆ ಕೆನಡಾದ ವಿಷಯದಲ್ಲಿ ಶುಲ್ಕ ಪಡೆದು ವಲಸೆ ಸಲಹೆ ಕೊಡುವ ಹಕ್ಕಿರುವುದು ಅಲ್ಲಿನ ವಕೀಲರಂಥ ಪರವಾನಗಿದಾರರಿಗೆ ಮತ್ತು ನೋಂದಾಯಿತ ಸಲಹೆಗಾರರಿಗೆ ಮಾತ್ರ. ಆಸ್ಟ್ರೇಲಿಯಾದಲ್ಲಿಯೂ ನೋಂದಣಿಯ ಪಟ್ಟಿಯಿದೆ. ಎರಡನ್ನೂ ಆನ್‌ಲೈನ್‌ನಲ್ಲಿ ಹೆಸರು ಹಾಕಿ ನೋಡಬಹುದು. ಹಣ ಕೊಟ್ಟ ಮೇಲೆ ಹುಡುಕುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಈ ತಾಣಗಳು ಯಾವುವೂ ಹೇಳದ ಒಂದು ವಿಷಯ ದಾಖಲೆಗಳ ಸರದಿ. ಕೆನಡಾಕ್ಕೆ ಪದವಿಯ ಮೌಲ್ಯಮಾಪನ 5 ವರ್ಷ ನಡೆಯುತ್ತದೆ, ಭಾಷಾ ಪರೀಕ್ಷೆಯ ಫಲಿತಾಂಶ 2 ವರ್ಷ ಮಾತ್ರ. ಆದ್ದರಿಂದ ಮೌಲ್ಯಮಾಪನ ಮೊದಲು, ಭಾಷಾ ಪರೀಕ್ಷೆ ಆಮೇಲೆ. ಉತ್ಸಾಹದಲ್ಲಿ ಪರೀಕ್ಷೆ ಮೊದಲೇ ಬರೆದವರು ಕಾಲೇಜಿನಿಂದ ಲಕೋಟೆ ಹೊರಡುವುದನ್ನು ಕಾಯುತ್ತಾ ಅರ್ಧ ಅವಧಿ ಕಳೆದುಕೊಳ್ಳುತ್ತಾರೆ. ಎಲ್ಲಕ್ಕಿಂತ ಮೊದಲು ಬೇಕಾದ್ದು ಅನುಭವ ಪತ್ರ, ಹಳೆಯ ಮಾಲೀಕರು ಇನ್ನೂ ಫೋನ್ ಎತ್ತುತ್ತಿರುವಾಗಲೇ. ಸಂಸ್ಥೆಯ ಲೆಟರ್‌ಹೆಡ್, ಸೇರಿದ ಮತ್ತು ಬಿಟ್ಟ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಅದರಲ್ಲಿರಬೇಕು. ‘ಇವರು ನಮ್ಮಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು, ನಡತೆ ಒಳ್ಳೆಯದು’ ಎಂಬ ಎರಡು ಸಾಲಿನ ಪತ್ರ ಯಾವ ದೇಶದಲ್ಲೂ ನಿಲ್ಲುವುದಿಲ್ಲ. ನಕ್ಷೆ ಓದಿ ವೈರಿಂಗ್ ಹಾಕಿದ್ದು, ಕಾಂಡ್ಯುಯಿಟ್‌ನಲ್ಲಿ ತಂತಿ ಎಳೆದದ್ದು, ಬ್ರೇಕರ್ ಪ್ಯಾನೆಲ್ ಕೂರಿಸಿದ್ದು, ಸರ್ಕ್ಯೂಟ್ ಪರೀಕ್ಷಿಸಿ ದೋಷ ಹುಡುಕಿದ್ದು ಹೀಗೆ ಮಾಡಿದ ಕೆಲಸವನ್ನು ಸಾಲು ಸಾಲಾಗಿ ಬರೆಸಿಕೊಳ್ಳಬೇಕು. ತಾಣದ ಕರ್ತವ್ಯಗಳ ಪಟ್ಟಿಯನ್ನು ಅಕ್ಷರಶಃ ಇಳಿಸಿದ ಪತ್ರದ ಮೇಲೆ ಅಧಿಕಾರಿಗಳಿಗೆ ಸಂಶಯ ಬರುತ್ತದೆ. ಮಾಡಿದ್ದನ್ನು ಮಾತ್ರ, ಸಂಸ್ಥೆಯದೇ ಮಾತಿನಲ್ಲಿ ಬರೆಸಿ, ಪ್ರತಿ ಪುಟಕ್ಕೂ ಮೊಹರು ಹಾಕಿಸಿ, ಎರಡು ಮೂಲ ಪ್ರತಿ ತೆಗೆದಿಟ್ಟುಕೊಳ್ಳಬೇಕು.